ನಿಂಬೆಯೋ ಸಬ್ಬಸಿಗೆಯೋ

ಮೊದಲೇ ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು. ಬಿಯರಿನ ಕತೆಯನ್ನು ಅದನ್ನು ಕುಡಿದು ಬಲ್ಲವರು ಹೇಳಬೇಕು. ಈ ಕತೆ ಅಂಥವರ ಬಾಯಿಂದ ಬರುತ್ತಿಲ್ಲ. ಸಾಲದ್ದಕ್ಕೆ ಇದು ಇನ್ನೊಬ್ಬರ ಮನೆಯೊಳಗಿನ ಸಂಕಟ. ಗಂಡಹೆಂಡಿರ ನಡುವೆ ಉಳಿಯಬೇಕಾದ ಮಾತನ್ನು ಹೊರಗೆ ತರುವುದು ಸರಿಯೇ ಎಂಬ ಅಳುಕು ಕೊನೆಯ ಸಾಲಿನವರೆಗೂ ಹೋಗುವಂಥದ್ದಲ್ಲ. ಎಲ್ಲಾದರೂ ತಪ್ಪು ಕಂಡರೆ ತಿಳಿದವರು ತಿದ್ದಿಕೊಂಡು ಓದಬೇಕು. ನಾಣಿ ಭಟ್ಟರಿಗೆ ಆದದ್ದನ್ನು ಯಾರೂ ಹೇಳದೇ ಹೋದರೆ, ಆ ಮನುಷ್ಯ ಏನೋ ಕಳ್ಳತನ ಮಾಡಿ ಕೆಲಸ ಬಿಟ್ಟನೆಂದು ಸಾಂತಾಕ್ರೂಜಿನ ನಾಲ್ಕು ಹೋಟೆಲುಗಳಲ್ಲಿ ಈಗ ಹಬ್ಬಿರುವ ಮಾತೇ ನಿಜವಾಗಿಬಿಡುತ್ತದೆ. ಅದಕ್ಕಾಗಿ ಮಾತ್ರ ಈ ಧೈರ್ಯ.

ಸಾಂತಾಕ್ರೂಜ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ಏರ್‌ಪೋರ್ಟ್ ಕಡೆಗೆ ನಡೆದರೆ ಧರ್ಮಣ್ಣ ಶೆಟ್ಟರ ಹೋಟೆಲು. ಕೆಳಗೆ ಇಡ್ಲಿ, ದೋಸೆ, ಊಟ. ಮೇಲಿನ ಮಾಳಿಗೆಯಲ್ಲಿ ಮೊದಲು ಮಂದ ಬೆಳಕಿನ ಪರ್ಮಿಟ್ ರೂಮ್, ಅಂದರೆ ಬಾರ್, ಇತ್ತು. ಶೆಟ್ಟರಿಗೆ ವಯಸ್ಸಾಗಿ ಮಗ ಹಿತೇಶ್ ಗಲ್ಲಾಪೆಟ್ಟಿಗೆಗೆ ಬಂದ ಮೇಲೆ, ಅವನು ಆ ಮಾಳಿಗೆಯನ್ನು ಒಡೆಸಿ, ಗಾಜಿನ ಗೋಡೆ ಕಟ್ಟಿಸಿ, ಅದರ ಹಿಂದೆ ದೊಡ್ಡ ದೊಡ್ಡ ಸ್ಟೀಲಿನ ಟ್ಯಾಂಕುಗಳನ್ನು ಕೂರಿಸಿದ. ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಗಿರಾಕಿಗಳಿಗೆ ಕೊಡುವ ಹೊಸ ಪದ್ಧತಿ. ಅದನ್ನು ತಯಾರಿಸುತ್ತಿದ್ದವರು ನಾಣಿ ಭಟ್ಟರು. ಅವರು ಅಲ್ಲಿಯವರೆಗೆ ಬದುಕಿನಲ್ಲಿ ಒಂದು ತೊಟ್ಟು ಬಿಯರನ್ನೂ ಬಾಯಿಗೆ ಹಾಕಿದವರಲ್ಲ.

ಕೇಳಿದವರು ನಗುತ್ತಿದ್ದರು. ಆದರೆ ಅದರಲ್ಲಿ ನಗುವಂಥದ್ದು ಹೆಚ್ಚೇನಿರಲಿಲ್ಲ. ಭಟ್ಟರ ತಂದೆ ಉಡುಪಿಯ ಕಡೆ ಸಮಾರಾಧನೆಗಳಿಗೆ ಅಡುಗೆ ಮಾಡುತ್ತಿದ್ದವರು. ನೈವೇದ್ಯಕ್ಕೆ ಮೊದಲು ಅಡುಗೆಯವನು ರುಚಿ ನೋಡುವ ಹಾಗಿಲ್ಲ. ಸೌಟಿನಲ್ಲಿ ಎತ್ತಿದ ಹುಳಿಯನ್ನು ಮುಖದ ಹತ್ತಿರ ಹಿಡಿದು, ಹಬೆ ಎಳೆದುಕೊಂಡು, ಉಪ್ಪು ಸಾಲದು ಎಂದೋ ಬೆಲ್ಲ ಹೆಚ್ಚಾಯಿತು ಎಂದೋ ಅವರು ಹೇಳುತ್ತಿದ್ದರು. ಆ ವಿದ್ಯೆ ಮಗನಿಗೂ ಬಂತು. ಮುಂಬಯಿಗೆ ಬಂದು ಶೆಟ್ಟರ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ನಿಂತಾಗ, ಪಾತ್ರೆಯ ಮುಚ್ಚಳ ಸರಿಸಿ ಮೂಗು ಒಡ್ಡಿ, ಈ ಹಿಟ್ಟು ಈಗಲೇ ಇಡ್ಲಿಗೆ, ಅದು ನಾಳೆ ದೋಸೆಗೆ ಎಂದು ಬೇರ್ಪಡಿಸುತ್ತಿದ್ದರು. ಸಂಜೆಯ ಹೊತ್ತು ಕನ್ನಡ ರಾತ್ರಿ ಶಾಲೆ, ಅದು ಮುಗಿದ ಮೇಲೆ ದಾದರಿನಲ್ಲಿ ಆಹಾರ ತಂತ್ರಜ್ಞಾನದ ಸಂಜೆ ತರಗತಿ. ಹಿತೇಶ್ ಮೊದಲು ಕರೆಸಿದ್ದ ದೊಡ್ಡ ಸಂಬಳದ ಬ್ರೂವರ್ ಬೇರೆ ಕಡೆ ಹೋದಾಗ, ಅವನ ಹಿಂದೆಯೇ ನಿಂತು ಎಲ್ಲವನ್ನೂ ನೋಡಿಟ್ಟುಕೊಂಡಿದ್ದ ಭಟ್ಟರು ಉಳಿದುಕೊಂಡರು. ಹಿಟ್ಟು ಹುಳಿ ಬರುವುದೂ ಬಿಯರ್ ಹುದುಗುವುದೂ ಮೂಗಿಗೆ ದೂರದ ಸಂಬಂಧಿಗಳೇ ಎಂದು ಅವರ ನಂಬಿಕೆ.

ಧರ್ಮಣ್ಣ ಶೆಟ್ಟರಿಗೂ ಈ ವ್ಯವಸ್ಥೆ ಹಿಡಿಸಿತು. ಅವರು ತುಳುನಾಡಿನ ದೈವ ಕೊರಗಜ್ಜನ ಭಕ್ತರು. ಊರಿನಲ್ಲಿ ಅಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಇಡುವ ಹಾಗೆ, ಇಲ್ಲಿ ಪ್ರತಿಯೊಂದು ಹೊಸ ಟ್ಯಾಂಕಿನ ಮೊದಲ ಲೋಟ ಕೌಂಟರಿನ ಮೇಲಿದ್ದ ಅಜ್ಜನ ಪಟದ ಮುಂದೆ. ಅದಕ್ಕೆ ಮೊದಲು ಮನೆಯವರು, ಕೆಲಸದವರು, ಯಾರೂ ಅದನ್ನು ಬಾಯಿಗೆ ಮುಟ್ಟಿಸುವಂತಿರಲಿಲ್ಲ. ಬೇರೆ ಕಡೆ ಬ್ರೂವರುಗಳು ದಿನವೂ ಗುಟುಕು ಗುಟುಕು ಕುಡಿದು ನೋಡುತ್ತಾರೆ. ಇಲ್ಲಿ ಟ್ಯಾಂಕು ತೆರೆಯುವವರೆಗೆ ಇದ್ದ ಒಂದೇ ಕಾವಲು ಭಟ್ಟರ ಮೂಗು.

ಆ ಮೂಗು ಹೋಗಿತ್ತು.

ಊರಿಗೆ ಊರೇ ಬಾಗಿಲು ಮುಚ್ಚಿಕೊಂಡು ಕೂತಿದ್ದ ಆ ಕಾಯಿಲೆಯ ಕಾಲದಲ್ಲಿ ಭಟ್ಟರಿಗೂ ಜ್ವರ ಬಂದಿತ್ತು. ಎಲ್ಲರಿಗೂ ಹೋದ ಹಾಗೆ ವಾಸನೆ ಹೋಯಿತು. ಎಲ್ಲರಿಗೂ ವಾಪಸು ಬಂತು, ಅವರಿಗೆ ಬರಲಿಲ್ಲ. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಬರಬಹುದು, ಬಾರದೆಯೂ ಇರಬಹುದು, ದಿನವೂ ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾಡಿ ಎಂದರು. ವಿಕ್ರೋಳಿಯ ಕನ್ನಮ್ವಾರ್ ನಗರದ ಮನೆಯಲ್ಲಿ ಭಟ್ಟರು ಸ್ನಾನ, ಜಪ ಮುಗಿಸಿ ಅವುಗಳ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಗಾಳಿ ಒಳಗೆ ಹೋಗುತ್ತಿತ್ತು, ಗಾಳಿ ಹೊರಗೆ ಬರುತ್ತಿತ್ತು. ಅಷ್ಟೇ.

ಈ ವಿಷಯ ಅವರ ಹೆಂಡತಿ ವನಮಾಲಾ ಒಬ್ಬರಿಗೆ ಗೊತ್ತು. ಹೋಟೆಲಿನಲ್ಲಿ ಹೇಳುವುದಾದರೂ ಹೇಗೆ? ಕೆಳಗೆ ಹಿಟ್ಟಿನ ಕೆಲಸಕ್ಕೆ ಈಗ ಮೆಷೀನು ಬಂದಿದೆ. ಬಿಯರ್ ಬಿಟ್ಟರೆ ಭಟ್ಟರಿಗೆ ಅಲ್ಲಿ ಬೇರೆ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಯಾರು ಎಂದು ಕೇಳಿದರೆ ಹೇಳುವುದಕ್ಕೆ ಅವರ ಹತ್ತಿರ ಇದ್ದದ್ದು ಅದೊಂದೇ.

ಹಾಗಾಗಿ ಗಂಡಹೆಂಡತಿ ಸೇರಿ ಒಂದು ದಾರಿ ಮಾಡಿಕೊಂಡರು. ಭಟ್ಟರು ಹಾಪ್ಸನ್ನೂ ಟ್ಯಾಂಕಿನ ಮಾದರಿಯನ್ನೂ ಸಣ್ಣ ಬಾಟಲಿಗಳಲ್ಲಿ ಹಾಕಿ ಮನೆಗೆ ತರುವುದು. ವನಮಾಲಾ ಮೂಸಿ ಹೇಳುವುದು. ಹಾಪ್ಸ್ ಎಂದರೆ ಒಂದು ಬಳ್ಳಿಯ ಹೂ. ಬಿಯರಿನ ಕಹಿಯೂ ಪರಿಮಳವೂ ಅದರದ್ದು. ಇಲ್ಲಿಗೆ ಅದು ಹೂವಾಗಿ ಬರುವುದಿಲ್ಲ. ಒಣಗಿಸಿ, ಪುಡಿಮಾಡಿ, ದನದ ಹಿಂಡಿಯ ಹಾಗೆ ಸಣ್ಣ ಹಸಿರು ಗುಳಿಗೆಗಳಾಗಿ ಒತ್ತಿ, ಬೆಳ್ಳಿಬಣ್ಣದ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಬರುತ್ತದೆ. ಒಂದೊಂದು ತಳಿಗೆ ಒಂದೊಂದು ವಾಸನೆ.

"ಮಾವಿನಕಾಯಿ ಕೊಯ್ದಾಗ ಸೊನೆ ಬರ್ತದಲ್ಲ, ಅದು," ಎನ್ನುತ್ತಿದ್ದರು ವನಮಾಲಾ ಕಣ್ಣು ಮುಚ್ಚಿ.

"ಕಸಿ ಮಾವಿಂದಾ, ಕಾಟುಮಾವಿಂದಾ?"

"ಕಾಟುಮಾವು."

"ಸರಿ. ಇದು?"

"ಇಶ್ಶಿ! ಇದು ಮೂರನೇ ಮಾಳಿಗೆಯವರ ಬೆಕ್ಕು ಮೆಟ್ಟಿಲ ಮೇಲೆ ಮಾಡಿ ಹೋಗ್ತದಲ್ಲ, ಅದೇ!"

"ಹಾಗಾದ್ರೆ ಚೀಲ ಫ್ರೆಶ್ ಉಂಟು," ಎಂದು ಭಟ್ಟರು ಸಮಾಧಾನದಿಂದ ಮುಚ್ಚಳ ಹಾಕುತ್ತಿದ್ದರು. "ಅದರ ಗುಣವೇ ಹಾಗೆ."

"ನಿಮ್ಮ ಗಿರಾಕಿಗಳಿಗೆ ಗೊತ್ತುಂಟಾ ಇದು?"

"ಗೊತ್ತಿದ್ರೆ ಕುಡೀತಾರಾ ಮಾರಾಯ್ತಿ?"

ಬಹಳ ಕಾಲದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಹೀಗೆ. ಹಾಗೆ ನೋಡಿದರೆ, ಇಷ್ಟು ವರ್ಷ ಗಂಡ ಏನು ಕೆಲಸ ಮಾಡುತ್ತಾರೆಂದು ನೆಂಟರಿಗೆ ಸರಿಯಾಗಿ ಹೇಳಲೂ ನಾಚುತ್ತಿದ್ದ ವನಮಾಲಾ, ಈ ಬಾಟಲಿಗಳ ನೆಪದಿಂದ ಮೊದಲ ಸಲ ಅವರ ಕೆಲಸದೊಳಗೆ ಕಾಲಿಟ್ಟಿದ್ದರು. ಭಟ್ಟರಿಗೆ ಕೆಲವೊಮ್ಮೆ ಮೂಗು ಹೋದದ್ದೇ ಒಳ್ಳೆಯದಾಯಿತೇನೋ ಅನ್ನಿಸುವುದೂ ಇತ್ತು. ಅನ್ನಿಸಿದ ಕೂಡಲೇ ಹೆದರಿಕೆಯಾಗುತ್ತಿತ್ತು.

ಭಟ್ಟರಿಗೆ ಹೆಸರು ತಂದುಕೊಟ್ಟದ್ದು ಸೊರಾಚಿ ಏಸ್ ಎಂಬ ಹಾಪ್ಸು. ಜಪಾನಿನಲ್ಲಿ ಹುಟ್ಟಿದ ತಳಿ, ಈಗ ಹೆಚ್ಚಾಗಿ ಬೆಳೆಯುವುದು ಅಮೆರಿಕದಲ್ಲಿ. ಆ ಹಳೆಯ ಬ್ರೂವರ್ ಬಿಟ್ಟುಹೋಗಿದ್ದ ಒಂದು ಚೀಲವನ್ನು ಭಟ್ಟರು ಮೊದಲ ಸಲ ಕತ್ತರಿಸಿದಾಗ, ಗಾಜಿನ ಕೋಣೆಯೊಳಗೆ ಯಾರೋ ಬುಟ್ಟಿಗಟ್ಟಲೆ ನಿಂಬೆಹಣ್ಣನ್ನು ಉಗುರಿನಿಂದ ಗೀರಿದ ಹಾಗಾಗಿತ್ತು. ನಿಂಬೆಯ ಹಿಂದೆ ಎಳೆ ತೆಂಗಿನಕಾಯಿಯ ತಂಪು. ಗೋಧಿಯ ಬಿಯರ್ ಹುದುಗಿ ಮುಗಿದ ಮೇಲೆ, ತಣ್ಣಗಿರುವಾಗಲೇ ಈ ಗುಳಿಗೆಗಳನ್ನು ಹಾಕಿ ನೆನೆಯಬಿಟ್ಟರೆ, ಕಹಿ ಏರದೆ ಪರಿಮಳ ಮಾತ್ರ ಇಳಿಯುತ್ತದೆ. ಪ್ರತಿ ಬೇಸಿಗೆಗೆ ಭಟ್ಟರು ಅದನ್ನು ಮಾಡುತ್ತಿದ್ದರು. ಬಾಂದ್ರಾ, ಪಾರ್ಲೆಗಳಿಂದ ಜನ ಅದಕ್ಕಾಗಿಯೇ ಬರುತ್ತಿದ್ದರು. ಈ ಹಾಪ್ಸು ಕೆಲವರ ಮೂಗಿಗೆ ನಿಂಬೆಯಲ್ಲ, ಸಬ್ಬಸಿಗೆ ಸೊಪ್ಪು ಎಂದು ಆ ಬ್ರೂವರ್ ಹೋಗುವ ಮುಂಚೆ ಹೇಳಿದ್ದ. ಮಣ್ಣು, ಹವೆ, ಕೊಯ್ದ ಸಮಯ, ಹಾಕುವ ಪ್ರಮಾಣ, ಮೂಸುವವರ ಮೂಗು, ಯಾವುದರಿಂದ ಎಂದು ಅವನೂ ಖಚಿತವಾಗಿ ಹೇಳಿರಲಿಲ್ಲ. ಭಟ್ಟರಿಗೆ ಯಾವತ್ತೂ ಸಬ್ಬಸಿಗೆ ಬಂದಿರಲಿಲ್ಲವಾದ್ದರಿಂದ ಆ ಮಾತನ್ನು ಅವರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಈ ಬೇಸಿಗೆಯ ಚೀಲ ತೆರೆದದ್ದು ರಾಧಿಕಾ. ಮೈಸೂರಿನ ಕಡೆಯವಳು, ಬೆಂಗಳೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಅಲ್ಲಿಯ ಒಂದು ಬ್ರೂವರಿಯಲ್ಲಿ ಕೆಲಸ ಕಲಿತು ಬಂದವಳು. ಭಟ್ಟರ ಕೈಕೆಳಗೆ ಒಂದು ವರ್ಷದಿಂದ ಇದ್ದಾಳೆ. ಚೀಲದೊಳಗೆ ಮುಖ ಇಳಿಸಿದವಳು ಹಾಗೇ ನಿಂತಳು.

"ಸರ್, ನಂಗ್ಯಾಕೋ ಸಬ್ಬಸಿಗೆ ಸೊಪ್ಪಿನ ವಾಸನೆ ಬರ್ತಿದೆ."

ಅಷ್ಟರಲ್ಲಿ ಭಟ್ಟರಿಗೆ ನಟನೆ ಅಭ್ಯಾಸವಾಗಿತ್ತು. ಚೀಲ ತೆಗೆದುಕೊಂಡರು, ಗುಳಿಗೆಗಳನ್ನು ಅಂಗೈಯಲ್ಲಿ ಉಜ್ಜಿದರು, ಕಣ್ಣು ಮುಚ್ಚಿ ನಿಧಾನವಾಗಿ ಎಳೆದುಕೊಂಡರು. ಗಾಳಿ ಒಳಗೆ ಹೋಯಿತು.

"ಹಾಗೆಂತ ಇಲ್ಲ ಅಲ್ಲ," ಎಂದರು.

"ನಮ್ಮನೇಲಿ ವಾರಕ್ಕೊಂದ್ಸಲ ಸಬ್ಬಸಿಗೆ ಅಕ್ಕಿರೊಟ್ಟಿ ಸರ್. ಅದು ಗೊತ್ತಾಗ್ದೇ ಇರತ್ತಾ? ಈ ಸಲ ಪೂರ್ತಿ ಹಾಕೋದು ಬೇಡ. ಅರ್ಧ ಹಾಕಿ, ಉಳಿದದ್ದಕ್ಕೆ ಬೇರೆ ಯಾವುದಾದ್ರೂ ಸಿಟ್ರಸ್ ಹಾಪ್ಸ್ ಸೇರಿಸೋಣ. ಸೇಫ್ ಆಗಿರತ್ತೆ."

ಒಳ್ಳೆಯ ಸಲಹೆ. ಮೂಗು ಇದ್ದ ಭಟ್ಟರಾಗಿದ್ದರೆ ತಮ್ಮ ಮೂಗಿಗೆ ಬಂದದ್ದನ್ನು ಹೇಳಿ, ಅವಳ ಮೂಗಿಗೆ ಬಂದದ್ದನ್ನು ಕೇಳಿ, ಒಪ್ಪಿಬಿಡುತ್ತಿದ್ದರೇನೋ. ಮೂಗಿಲ್ಲದ ಭಟ್ಟರಿಗೆ ಒಪ್ಪುವುದಕ್ಕೆ ಆಗಲಿಲ್ಲ. ಇವತ್ತು ಇವಳ ಮಾತಿಗೆ ತಲೆಯಾಡಿಸಿದರೆ ನಾಳೆ ಎಲ್ಲದಕ್ಕೂ ಇವಳನ್ನೇ ಕೇಳಬೇಕು, ನಾಡಿದ್ದು ಇವಳಿಗೆ ಗೊತ್ತಾಗುತ್ತದೆ. "ನೋಡುವ, ನಾಳೆ ಹೇಳ್ತೇನೆ," ಎಂದು ಒಂದು ಚಿಟಿಕೆ ಗುಳಿಗೆಯನ್ನು ಬಾಟಲಿಗೆ ಹಾಕಿ ಜೇಬಿಗಿಳಿಸಿದರು.

ಆ ಸಂಜೆ ವನಮಾಲಾ ಒಗ್ಗರಣೆ ಹಾಕಿ ಬಂದು, ಕೈ ತೊಳೆದು, ಬಾಟಲಿ ತೆಗೆದುಕೊಂಡರು. ಭಟ್ಟರು ಎದುರಿಗೆ ಸ್ಟೂಲಿನ ತುದಿಯಲ್ಲಿ ಕೂತಿದ್ದರು. ರಾಧಿಕಾ ಹೇಳಿದ್ದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಮುಖದಲ್ಲಿ ಇಲ್ಲದಿರುವುದುಂಟೇ?

ವನಮಾಲಾ ಒಂದು ಸಲ ಮೂಸಿದರು. ಇನ್ನೊಂದು ಸಲ ಮೂಸಿದರು. ಗಂಡನನ್ನು ನೋಡಿದರು.

"ನಿಂಬೆ," ಎಂದರು.

"ಸರಿಯಾಗಿ ನೋಡು."

"ನಿಂಬೆಯೇ. ಸ್ವಲ್ಪ ಮಂದ ಉಂಟು."

"ಸೊಪ್ಪಿನ ಹಾಗೆ ಎಂತದಾದ್ರೂ?"

"ಎಂತ ಸೊಪ್ಪು? ನಿಂಬೆ ಅಂತ ಹೇಳಿದೆ ಅಲ್ಲ," ಎಂದು ಬಾಟಲಿ ಮುಚ್ಚಿ, ಒಲೆಯ ಮೇಲೆ ಸಾರು ಉಕ್ಕುತ್ತದೆಂದು ಎದ್ದು ಹೋದರು.

ಮರುದಿನ ಭಟ್ಟರು ದಾದರಿನಲ್ಲಿ ಲೋಕಲ್ ಬದಲಿಸುವಾಗ ಪಶ್ಚಿಮದ ರೈಲಿಗೆ ಹತ್ತದೆ ಹೊರಗೆ ಬಂದು ಮಾರ್ಕೆಟ್ಟಿನಲ್ಲಿ ನಿಂತರು. ಸೊಪ್ಪು ಮಾರುವ ಹೆಂಗಸಿನ ಮುಂದೆ ಸಬ್ಬಸಿಗೆಯ ರಾಶಿ ಇತ್ತು. ಮರಾಠಿಯಲ್ಲಿ ಅದಕ್ಕೆ ಶೇಪೂ. ಭಟ್ಟರು ಒಂದು ಕಟ್ಟನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ಆಮೇಲೆ ಇನ್ನೊಂದು ಕಟ್ಟು. ಎಳೆಗಳು ಮೀಸೆಗೆ ತಾಗಿ ಕಚಗುಳಿಯಾಯಿತೇ ಹೊರತು ಬೇರೇನೂ ಇಲ್ಲ.

"ಕಾಕಾ, ಶೇಪೂ ಆಹೆ, ಮೋಗ್ರಾ ನಾಹಿ," ಎಂದಳು ಹೆಂಗಸು. ಪಕ್ಕದವಳು ಗಟ್ಟಿಯಾಗಿ ನಕ್ಕಳು. ಅದು ಶೇಪೂ ಕಾಕಾ, ಮಲ್ಲಿಗೆಯಲ್ಲ. ಭಟ್ಟರೂ ನಕ್ಕ ಹಾಗೆ ಮಾಡಿ ಕಟ್ಟನ್ನು ಕೆಳಗಿಟ್ಟರು. ಗುಂಪಿನ ಜೊತೆ ಸ್ಟೇಷನ್ನಿಗೆ ವಾಪಸು ಹೋಗುವಾಗ ಅವರಿಗೆ, ಈ ಊರಿನ ಅಷ್ಟೂ ಜನ ಗಾಳಿಯಲ್ಲಿ ಬರೆದದ್ದೇನನ್ನೋ ಓದುತ್ತಾ ನಡೆಯುತ್ತಿದ್ದಾರೆ, ತಾನೊಬ್ಬ ಓದು ಬಾರದವನು ಅನ್ನಿಸಿತು.

ಇಬ್ಬರಲ್ಲಿ ಒಬ್ಬರನ್ನು ನಂಬಲೇಬೇಕಿತ್ತು. ರಾಧಿಕಾ ಕಲಿತವಳು, ಅವಳದ್ದು ಎಳೆಯ ಮೂಗು. ವನಮಾಲಾಳದ್ದು ಇಷ್ಟು ದಿನ ಒಂದು ಸಲವೂ ತಪ್ಪದ ಮೂಗು. ಅದಕ್ಕಿಂತ ಹೆಚ್ಚಾಗಿ, ಅದು ತಮ್ಮ ಮನೆಯ ಮೂಗು. ಭಟ್ಟರು ಹೆಂಡತಿಯನ್ನು ನಂಬಿದರು. ನಂಬಿ, ಇನ್ನೊಂದು ತಪ್ಪು ಮಾಡಿದರು. ನಿಂಬೆ ಸ್ವಲ್ಪ ಮಂದ ಎಂದಿದ್ದಳಲ್ಲ ಎಂದು, ಪ್ರತಿ ವರ್ಷದ ಪ್ರಮಾಣಕ್ಕಿಂತ ಒಂದು ಪಾಲು ಹೆಚ್ಚಿಗೆ ಹಾಕಿದರು.

ರಾಧಿಕಾ ಆ ಪ್ರಮಾಣವನ್ನು ಪುಸ್ತಕದಲ್ಲಿ ಬರೆದುಕೊಂಡಳು. ಗುಳಿಗೆ ನೆನೆದು, ಟ್ಯಾಂಕು ತಣಿದು, ಮಾದರಿ ತೆಗೆಯುವ ದಿನ ಲೋಟ ಹಿಡಿದು ಮೂಸಿದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಸರ್, ಪ್ಲೀಸ್. ಒಂದೇ ಒಂದು ಗುಟುಕು ಕುಡಿದು ನೋಡ್ಲಾ? ಈಗ್ಲಾದ್ರೆ ಬೇರೆ ಟ್ಯಾಂಕಿನ ವೀಟ್ ಬಿಯರ್ ಜೊತೆ ಬ್ಲೆಂಡ್ ಮಾಡಿ ಸರಿ ಮಾಡಬಹುದು."

"ಅಜ್ಜನಿಗೆ ಇಡುವ ಮೊದಲಾ? ದೊಡ್ಡ ಶೆಟ್ರಿಗೆ ಗೊತ್ತಾದ್ರೆ ನಿನ್ನನ್ನೂ ಬಿಡ್ಲಿಕ್ಕಿಲ್ಲ, ನನ್ನನ್ನೂ ಬಿಡ್ಲಿಕ್ಕಿಲ್ಲ."

ಹೇಳುವಾಗಲೇ ಭಟ್ಟರಿಗೆ ಗೊತ್ತಾಯಿತು. ತಂದೆಯಿಂದ ಬಂದ ನೇಮದ ಹಿಂದೆ, ಅಜ್ಜನ ಹೆಸರಿನ ಹಿಂದೆ, ತಾನು ಅಡಗಿ ಕೂತಿದ್ದೇನೆ. ದೇವರಿಗೆ ಎಂಜಲಾಗಬಾರದೆಂದು ಅಲ್ಲ, ತನ್ನ ಮೂಗು ಸತ್ತದ್ದು ಹೊರಗೆ ಬರಬಾರದೆಂದು. ರಾಧಿಕಾ ಲೋಟದಲ್ಲಿದ್ದದ್ದನ್ನು ಮೋರಿಗೆ ಚೆಲ್ಲಿ, ಲೋಟ ತೊಳೆದಿಟ್ಟಳು. ಈ ಸಲದ ಮಾದರಿಯನ್ನು ಮನೆಗೆ ಒಯ್ದು ವನಮಾಲಾಳನ್ನು ಮತ್ತೆ ಕೇಳುವ ಧೈರ್ಯವೂ ಭಟ್ಟರಿಗಾಗಲಿಲ್ಲ.

ಶನಿವಾರ ಸಂಜೆ ಟ್ಯಾಂಕು ತೆರೆದರು. ಮೊದಲ ಲೋಟ ಅಜ್ಜನ ಪಟದ ಮುಂದೆ ಹೋಯಿತು, ಪಕ್ಕದಲ್ಲಿ ಚಕ್ಕುಲಿ, ವೀಳ್ಯ. ಧರ್ಮಣ್ಣ ಶೆಟ್ಟರು ಕೈಮುಗಿದು, ಎರಡನೆಯ ಲೋಟವನ್ನು ತಾವೇ ಎತ್ತಿದರು. ಗಿರಾಕಿಗಳು ಆಗಲೇ ತುಂಬಿದ್ದರು. ಹಿತೇಶ್ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ.

ಶೆಟ್ಟರು ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದು ನೋಡಿದರು.

"ಇದೆಂತ ಭಟ್ರೇ? ಸೊಪ್ಪಿನ ತಂಬುಳಿಯಾ?"

ಸುತ್ತಲಿನವರು ನಕ್ಕರು. ಭಟ್ಟರೂ ನಕ್ಕರು. ಮೂಲೆಯ ಮೇಜಿನಿಂದ ಒಬ್ಬ, "ಅರೇ, ಶೇಪೂಚಿ ಭಾಜಿ!" ಎಂದು ಕೂಗಿದ, ಸಬ್ಬಸಿಗೆ ಪಲ್ಯ ಎಂದದ್ದಕ್ಕೆ ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಲೋಟಗಳು ವಾಪಸು ಬರತೊಡಗಿದವು. ಮುಕ್ಕಾಲು ತುಂಬಿದವು, ಅರ್ಧ ತುಂಬಿದವು. ಕಿಟಕಿಯ ಹತ್ತಿರ ಕೂತ ಒಂದು ಜೋಡಿ ಮಾತ್ರ ಎರಡನೆಯ ಸಲ ಅದನ್ನೇ ತರಿಸಿಕೊಂಡಿತು ಎಂದು ವೇಟರ್ ಹೇಳಿದ. ಆ ಗಲಾಟೆಯಲ್ಲಿ ಅದನ್ನು ಕೇಳಿಸಿಕೊಂಡವರಿಲ್ಲ.

ಹಿತೇಶ್ ಮೊಬೈಲ್ ಜೇಬಿಗಿಟ್ಟು ಭಟ್ಟರನ್ನು ಗಾಜಿನ ಕೋಣೆಯೊಳಗೆ ಕರೆದುಕೊಂಡು ಬಂದ. ಹಿಂದೆ ಶೆಟ್ಟರೂ ಕೋಲೂರಿಕೊಂಡು ಬಂದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹಿತೇಶನ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ಹಿಂದಿಗೆ ತಿರುಗುತ್ತಿತ್ತು.

"ಭಟ್ರೇ, ನೀವು ಮೂಸಿದ್ರಿ ಅಲ್ವಾ? ಸಚ್ ಬೋಲೋ."

"ಮೂಸಿದ್ದೇನೆ ಸಣ್ಣ ಶೆಟ್ರೇ. ನಿಂಬೆಯೇ. ಜನರಿಗೆ ಗೊತ್ತಾಗ್ಲಿಲ್ಲ."

"ಇತ್ನೇ ಸಾರೇ ಲೋಗ್ ಪಾಗಲ್ ಹೈ ಕ್ಯಾ?" ಎಂದ ಹಿತೇಶ್, ಇಷ್ಟೂ ಜನ ಹುಚ್ಚರೇ ಎಂಬಂತೆ. ನಂತರ ದನಿ ತಗ್ಗಿಸಿದ. "ರಾಧಿಕಾ, ಒಂದು ಗ್ಲಾಸ್ ಕೊಡು. ಭಟ್ರು ಈಗ ಮೂಸಿ ಹೇಳಲಿ. ನನಗೆ ಅವರ ಮೂಗಿನ ಮೇಲೆ ಭರೋಸಾ ಉಂಟು."

ರಾಧಿಕಾ ಲೋಟ ತುಂಬಿಸಿ ತಂದಳು. ಟ್ಯಾಂಕುಗಳು ಒತ್ತೊತ್ತಾಗಿದ್ದವು. ಅವಳು ಯಾವ ನಲ್ಲಿ ತಿರುಗಿಸಿದಳೆಂದು ಭಟ್ಟರು ನೋಡಲಿಲ್ಲ. ಗೋಧಿ ಬಿಯರಿನ ಮಬ್ಬು ಹಳದಿ, ಮೇಲೆ ಬಿಳಿ ನೊರೆ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಮೂಗಿಗೆ ತಂದರು. ಕಣ್ಣು ಮುಚ್ಚಿದರು. ನೆನಪಿನಿಂದ ಮಾತುಗಳು ತಾವಾಗಿ ಬಂದವು.

"ನಿಂಬೆ ಸಿಪ್ಪೆ. ಒಳಗಿನ ರಸ ಅಲ್ಲ, ಸಿಪ್ಪೆ. ಅದರ ಹಿಂದೆ ಎಳೆ ಕಾಯಿ. ಸೊಪ್ಪಿನ ವಾಸನೆ ಉಂಟು, ಹೌದು, ಈಗ ಗೊತ್ತಾಗ್ತದೆ. ಆದ್ರೆ ತೆಳು. ಎರಡು ದಿನ ಬಿಟ್ರೆ ಹೋಗ್ತದೆ."

ಭಟ್ಟರು ಕಣ್ಣು ತೆರೆದರು. ರಾಧಿಕಾ ತಾನು ತಿರುಗಿಸಿದ ನಲ್ಲಿಯನ್ನೇ ನೋಡುತ್ತಿದ್ದಳು.

"ಸಾರಿ ಸರ್," ಎಂದಳು. "ಗಡಿಬಿಡೀಲಿ ಪಕ್ಕದ ನಲ್ಲಿ ತಿರುಗಿಸ್ಬಿಟ್ಟೆ. ಇದು ಮಾಮೂಲಿ ವೀಟ್, ಇದಕ್ಕೆ ಸೊರಾಚಿ ಹಾಕೇ ಇಲ್ಲ."

ಅವಳು ನಿಜವಾಗಿಯೂ ಗಡಿಬಿಡಿಯಲ್ಲೇ ತಪ್ಪಿದ್ದಳು. ಆ ಹುಡುಗಿಗೆ ಅಂಥ ಕುಯುಕ್ತಿ ಇರಲಿಲ್ಲ. ಶೆಟ್ಟರು ಭಟ್ಟರ ಕೈಯಿಂದ ಲೋಟ ತೆಗೆದುಕೊಂಡು ಮೂಸಿ ಪಕ್ಕಕ್ಕಿಟ್ಟರು. ಭಟ್ಟರ ಭುಜದ ಮೇಲೆ ಕೈಯಿಟ್ಟರು.

"ಯಾವತ್ತಿಂದ ಭಟ್ರೇ?"

ಭಟ್ಟರು ಹೇಳಿದರು. ಆ ಜ್ವರದಿಂದ ಎಂದು.

ಹಿತೇಶ್ ಕೋಪಗೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಸಿಟ್ಟು ಮಾಡಲಿಲ್ಲ. "ಪಹ್ಲೇ ಬೋಲ್ನಾ ಥಾ ನಾ," ಎಂದ, ಮೊದಲೇ ಹೇಳಬಾರದಿತ್ತೇ ಎಂದು ಚಿಕ್ಕ ಮಗುವಿಗೆ ಹೇಳುವ ಹಾಗೆ. ಭಟ್ರೇ, ನೀವು ನಮ್ಮ ಮನೆಯವರು, ಕೆಳಗೆ ಕೌಂಟರಿನಲ್ಲಿ ಕೂತ್ಕೊಳ್ಳಿ, ಗಿರಾಕಿಗಳನ್ನು ನೋಡ್ಕೊಳ್ಳಿ, ಟ್ಯಾಂಕು ರಾಧಿಕಾ ನೋಡ್ಕೊಳ್ತಾಳೆ ಎಂದ. ಭಟ್ಟರು ಎಲ್ಲದಕ್ಕೂ ಹೌದು ಹೌದು ಎಂದರು. ಆಮೇಲೆ, "ಈ ಟ್ಯಾಂಕನ್ನು ನಾನೇ ಖಾಲಿ ಮಾಡ್ತೇನೆ," ಎಂದರು. ಯಾರೂ ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ, ಮೇಲಿನ ಮಾಳಿಗೆಗೆ ಗಿರಾಕಿಗಳು ಬರುವ ಮುಂಚೆ, ಭಟ್ಟರು ಒಬ್ಬರೇ ಆ ಕೋಣೆಗೆ ಹೋದರು. ಪೈಪನ್ನು ಮೋರಿಯ ಬಾಯಿಗೆ ಸಿಕ್ಕಿಸಿದರು. ಕೆಳಗೆ ಮೆಷೀನು ಹಿಟ್ಟು ರುಬ್ಬುವ ಸದ್ದು ಕೇಳುತ್ತಿತ್ತು. ಮೋರಿಗೆ ಬಿಡುವ ಮೊದಲು ಒಂದು ಸ್ಟೀಲಿನ ಲೋಟವನ್ನು ತೆಗೆದು, ಅರ್ಧದಷ್ಟು ಹಿಡಿದರು. ಮೂಗು ಓದಲಾರದ್ದನ್ನು ನಾಲಗೆಯಾದರೂ ಓದೀತು ಎಂಬ ಆಸೆ. ಬದುಕಿಡೀ ಕಾಪಾಡಿಕೊಂಡು ಬಂದ ನೇಮವನ್ನು ಮುರಿಯುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ? ಕೊಡುವುದಕ್ಕೆ ಉಳಿದಿದ್ದದ್ದು ಅದೊಂದೇ, ಕೊಟ್ಟುಬಿಟ್ಟರು. ಕುಡಿದರು.

ತಣ್ಣಗಿತ್ತು. ಕಹಿಯಿತ್ತು. ನಾಲಗೆಯ ತುದಿ ಚುರುಗುಟ್ಟಿತು. ನಿಂಬೆಯಿಲ್ಲ, ಸೊಪ್ಪಿಲ್ಲ, ಕಾಯಿಯಿಲ್ಲ. ಇನ್ನೊಂದು ಗುಟುಕು ಕುಡಿದು ಬಾಯಲ್ಲಿ ತಿರುಗಿಸಿದರು. ತಣ್ಣಗೆ, ಕಹಿ. ನಾಲಗೆಗೆ ಗೊತ್ತಿರುವುದು ಅಷ್ಟೇ, ಉಳಿದದ್ದೆಲ್ಲ ಮೂಗಿನದೇ ಎಂದು ಸಂಜೆ ತರಗತಿಯಲ್ಲಿ ಓದಿದ್ದರು. ಓದಿದ್ದೂ ಈ ದಿನ ಅದನ್ನು ಮರೆತಿದ್ದರು. ಲೋಟವನ್ನು ತೊಳೆದಿಟ್ಟು ನಲ್ಲಿ ತಿರುಗಿಸಿದರು. ನೊರೆ ಮೋರಿಯ ಜಾಲರಿಯ ಮೇಲೆ ಎದ್ದು ನಿಂತು, ಬಹಳ ಹೊತ್ತು ಅಲ್ಲೇ ನಡುಗುತ್ತಾ ಇದ್ದು, ಇಳಿಯಿತು.

ಕೌಂಟರಿನಲ್ಲಿ ಅವರು ಹೆಚ್ಚು ದಿನ ಕೂರಲಿಲ್ಲ. ಹಳೆಯ ಗಿರಾಕಿಗಳು ಮೆಟ್ಟಿಲು ಹತ್ತುವಾಗ, "ಕ್ಯಾ ಭಟ್ ಸಾಬ್, ಆಜ್ ಕೌನ್ಸೀ ಭಾಜಿ?" ಎಂದು ಇವತ್ತಿನ ಪಲ್ಯ ಯಾವುದೆಂದು ಕೇಳಿ ತಮಾಷೆ ಮಾಡುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಂದು ದಿನ ಭಟ್ಟರು ಊಟದ ಹೊತ್ತಿಗೆ ಮನೆಗೆ ಹೋದವರು ಮತ್ತೆ ಬರಲಿಲ್ಲ. ಕಳ್ಳತನದ ಮಾತು ಹುಟ್ಟಿದ್ದು ಆಮೇಲೆ. ಕಾರಣ ಗೊತ್ತಿದ್ದವರು ಭಟ್ಟರ ಮರ್ಯಾದೆ ಉಳಿಸಲೆಂದು ಬಾಯಿ ಬಿಡಲಿಲ್ಲ. ಬಾಯಿ ಬಿಡದ ಕಡೆ ಬೇರೆಯವರು ತಮಗೆ ತೋಚಿದ್ದನ್ನು ತುಂಬಿಸಿದರು.

ಮನೆಯಲ್ಲಿ ನಿಂಬೆ, ಲವಂಗದ ಡಬ್ಬಿಗಳು ಕಪಾಟಿನ ಮೇಲಿನ ಖಾನೆಗೆ ಹೋದವು. ಬಾಟಲಿಗಳು ಬರುವುದು ನಿಂತಿತು. ವನಮಾಲಾ ಸಾರು ಇಳಿಸುವಾಗ ಅಭ್ಯಾಸಬಲದಿಂದ, "ಇವತ್ತು ಇಂಗು ಜಾಸ್ತಿಯಾಯ್ತಾ ನೋಡಿ," ಎಂದು ಕರೆದು, ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಗಂಡನಿಗೆ ಸಮಾಧಾನ ಹೇಳಿದರೆ ಅವರು ಇನ್ನಷ್ಟು ಕುಗ್ಗುತ್ತಾರೆ, ಹೇಳದಿದ್ದರೆ ಅದೂ ಕಷ್ಟ. ಒಂದು ಸಂಜೆ ವನಮಾಲಾ ಗೆರಸೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ, ಭಟ್ಟರು ಇಷ್ಟು ದಿನ ಕೇಳದೇ ಇಟ್ಟುಕೊಂಡಿದ್ದನ್ನು ಕೇಳಿದರು.

"ಅವತ್ತು ನಿಜವಾಗಿ ನಿನಗೆ ಎಂತ ವಾಸನೆ ಬಂತು?"

"ಯಾವತ್ತು?"

"ಗೊತ್ತುಂಟು ಯಾವತ್ತು ಅಂತ."

ವನಮಾಲಾ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟರು.

"ನಿಂಬೆ."

"ನನ್ನ ಮುಖ ನೋಡಿ ಹೇಳಿದ್ದಾ?"

"ನಿಮ್ಮ ಮುಖ ನೋಡದೆ ಮತ್ತೆ ಯಾರ ಮುಖ ನೋಡ್ಲಿ?" ಎಂದರು ವನಮಾಲಾ. ತಲೆ ಎತ್ತಲಿಲ್ಲ. ಗೆರಸೆಯ ಮೇಲೆ ಬೆರಳುಗಳು ಓಡುತ್ತಲೇ ಇದ್ದವು.

ಭಟ್ಟರು ಮತ್ತೆ ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಯಾವುದಾದರೂ ಅದನ್ನು ಹೊತ್ತುಕೊಂಡು ಈ ಎರಡು ಕೋಣೆಗಳಲ್ಲಿ ಬದುಕಬೇಕಲ್ಲ ಎಂದು ಅವರಿಗೆ ಭಯವಾಗಿರಬೇಕು. ಅವಳು ಸುಳ್ಳು ಹೇಳಿದ್ದರೆ, ಅದು ಅವರ ಮೇಲಿನ ಕರುಣೆಯಿಂದ. ಆ ಕರುಣೆಯೇ ಅವರನ್ನು ಮುಗಿಸಿತು. ಅವಳು ನಿಜ ಹೇಳಿದ್ದರೆ, ತಪ್ಪೆಲ್ಲ ಅವರದ್ದೇ. ಎರಡರಲ್ಲಿ ಯಾವುದು ಹೆಚ್ಚು ಭಾರ ಎಂದು ತೂಗುತ್ತಾ ಅವರು ಈಗಲೂ ಕಿಟಕಿಯ ಹತ್ತಿರ ಕೂರುತ್ತಾರೆ, ಕೆಳಗೆ ಹಾದುಹೋಗುವ ಜನರನ್ನು ನೋಡುತ್ತಾ. ವನಮಾಲಾ ಚಹಾ ತಂದು ಪಕ್ಕದಲ್ಲಿಟ್ಟರೆ, ಹೆಂಡತಿ ಹೇಳಿದ ಮೇಲೆಯೇ ಅದು ಅಲ್ಲಿದೆಯೆಂದು ಅವರಿಗೆ ತಿಳಿಯುವುದು.

ವನಮಾಲಾ ಅಂದು ಆ ಬಾಟಲಿಯಲ್ಲಿ ನಿಂಬೆಯನ್ನೇ ಮೂಸಿದರೋ, ಇಲ್ಲವೋ, ತಿಳಿದಿಲ್ಲ. ಕಿಟಕಿಯ ಹತ್ತಿರದ ಆ ಜೋಡಿ ಎರಡನೆಯ ಸಲ ತರಿಸಿಕೊಂಡದ್ದು ಯಾಕೆಂದು ಕೇಳಿದವರಿಲ್ಲ. ಆ ಟ್ಯಾಂಕಿನ ಬಿಯರ್ ಒಂದು ತೊಟ್ಟೂ ಉಳಿದಿಲ್ಲವಾದ್ದರಿಂದ, ಅದು ಕೆಟ್ಟಿತ್ತೋ ಸರಿಯಾಗಿತ್ತೋ ಎಂಬುದನ್ನು ಇನ್ನು ಯಾರೂ ಹೇಳುವಂತಿಲ್ಲ.